ಶಿವವ್ವ ಕಾಯ್ದಿಟ್ಟ ಐದು ಪುಸ್ತಕ

ಶಿವವ್ವನನ್ನು ಕಳ್ಳಿ ಅಂದವನ ಬಾಯಿಗೆ ಏನು ತುರುಕಬೇಕು ಅಂತ ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ. ಅಂದವನು ಒಬ್ಬನೇ, ಆದರೆ ಆ ಮಾತನ್ನು ಅಚ್ಚು ಹಾಕಿಸಲು ಹೊರಟಿದ್ದ. ಬಾಯಿಮಾತಾಗಿದ್ದರೆ ಗಾಳಿಗೆ ಹೋಗುತ್ತಿತ್ತು. ನಾನು ಬಸಗೊಂಡಪ್ಪ, ಜಮಖಂಡಿಯಲ್ಲಿ ಮೂವತ್ತೆಂಟು ವರ್ಷ ಪ್ರೆಸ್ ನಡೆಸಿದವನು. ಅಚ್ಚಾದ ಮಾತಿನ ಆಯುಷ್ಯ ಎಷ್ಟು ಅಂತ ನನಗೆ ಗೊತ್ತು. ಹಿಂದೊಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ವರನ ಅಜ್ಜನನ್ನು ಸ್ವರ್ಗವಾಸಿಗಳ ಸಾಲಿಗೆ ಸೇರಿಸಿಬಿಟ್ಟಿದ್ದೆ. ಅಜ್ಜ ಗಟ್ಟಿಮುಟ್ಟಾಗಿ ಬಂದು ಲಗ್ನದಲ್ಲಿ ಮೂರು ಹೋಳಿಗೆ ತಿಂದ. ಆದರೂ ಆ ಮನೆಯವರು ಇವತ್ತಿಗೂ ನನ್ನ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾರೆ. ಅದಕ್ಕೇ ನಾನೂ ಈ ಉತ್ತರವನ್ನು ಅಚ್ಚಿನಲ್ಲೇ ಕೊಡುತ್ತಿದ್ದೇನೆ.

ಶಿವವ್ವ ಯಾರು ಅಂತ ನಮ್ಮೂರಿನ ಹಳೇ ಆಸ್ಪತ್ರೆಯ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೆರಿಗೆ ವಾರ್ಡಿನಲ್ಲಿ ನಲವತ್ತೈದು ವರ್ಷ ಆಯಾ ಆಗಿ ದುಡಿದವಳು. ಹುಟ್ಟೂರು ಚಿಮ್ಮಡ. ಹದಿಮೂರಕ್ಕೆ ಲಗ್ನ, ಹದಿನೈದಕ್ಕೆ ಗಂಡ ತೀರಿಕೊಂಡ. ಅತ್ತೆಮನೆಯವರಿಗೂ ಬೇಡ, ತವರಿಗೂ ಭಾರ. ಆ ಹುಡುಗಿಯನ್ನು ಕರೆತಂದು ಕೆಲಸಕ್ಕೆ ಹಚ್ಚಿದವರು ಆಸ್ಪತ್ರೆಯ ನರ್ಸಬಾಯಿ, ರಾಹೇಲಬಾಯಿ ಚೇವುಲಕರ. ನಾನು ಹುಟ್ಟಿದ್ದು ಅವರ ಕೈಯಲ್ಲಿ. ನನ್ನ ವಾರಿಗೆಯ ಅರ್ಧ ಊರು ಮೊದಲ ಅಳು ಅತ್ತದ್ದು ಅವರ ಕೈಯಲ್ಲೇ.

ರಾಹೇಲಬಾಯಿ ಕೊಂಕಣದ ಕಡೆಯ ಯಹೂದಿಗಳು. ಅವರ ತಂದೆ ಸಂಸ್ಥಾನದ ಕಾಲದಲ್ಲಿ ಇಲ್ಲಿಗೆ ಕಂಪೌಂಡರ್ ಆಗಿ ಬಂದವರಂತೆ. ಒಂಬತ್ತು ಗಜದ ಸೀರೆ, ಮನೆಯಲ್ಲಿ ಮರಾಠಿ, ಓಣಿಯಲ್ಲಿ ನಮಗಿಂತ ಚೊಕ್ಕ ಕನ್ನಡ. ಯಹೂದಿ ಅಂದರೆ ಏನು ಅಂತ ಊರಿಗೆ ಗೊತ್ತಿರಲಿಲ್ಲ. ಅವರು ಗುಡಿಗೆ ಬರುವುದಿಲ್ಲ, ಶನಿವಾರ ಒಲೆ ಹಚ್ಚುವುದಿಲ್ಲ, ಅಷ್ಟು ಗೊತ್ತು. ಆದರೆ ಶನಿವಾರ ಯಾರದಾದರೂ ಹೆರಿಗೆ ಬಂತೋ, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಓಡುತ್ತಿದ್ದರು. ನನ್ನವ್ವ ಒಮ್ಮೆ ಕೇಳಿದಳಂತೆ, "ಇವತ್ತ ನಿಮ್ಮ ದೇವರ ದಿನಾ ಅಲ್ಲೇನ್ರೀ ಬಾಯೇರ?" ಅದಕ್ಕೆ ಅವರು, "ಜೀವಾ ಉಳಸೂ ಕೆಲಸಕ್ಕ ನಮ್ಮ ದೇವರು ಶನಿವಾರನೂ ಸೂಟಿ ಕೊಡಂಗಿಲ್ಲವ್ವಾ," ಅಂದರಂತೆ.

ಅವರ ಮನೆಯಲ್ಲಿ ಐದು ಪುಸ್ತಕಗಳಿದ್ದವು. ನಾನು ಏಳೆಂಟು ವರ್ಷದವನಿದ್ದಾಗ ನೋಡಿದ ನೆನಪು ಇನ್ನೂ ಇದೆ. ಮೂರು ಪ್ರಾರ್ಥನೆಯವು, ಒಂದು ಹಬ್ಬಗಳದ್ದು, ಇನ್ನೊಂದು ನೀತಿಯದು. ಆ ನೀತಿಯ ಪುಸ್ತಕ ಗಿಡ್ಡ, ದಪ್ಪ, ಕಂದು ತೊಗಲಿನ ರಟ್ಟಿನದು. ಇನ್ನೂರೈವತ್ತು ವರ್ಷದ ಹಿಂದೆ ಇಟಲಿಯ ಯಾವುದೋ ಬಂದರಿನಲ್ಲಿ ಅಚ್ಚಾಗಿ, ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿಂದ ಚೇವುಲಕರ ಮನೆತನಕ್ಕೆ ಸೇರಿದ್ದಂತೆ. ಅಷ್ಟು ಹಳೆಯ ಕಾಗದ ಬಟ್ಟೆಯ ಚಿಂದಿಯಿಂದ ಮಾಡಿದ್ದು. ಈಗಿನ ನ್ಯೂಸ್‌ಪ್ರಿಂಟ್ ಆರು ತಿಂಗಳಿಗೆ ಹಳದಿಯಾಗುತ್ತದೆ, ಅದು ಇನ್ನೂ ಗರಿಗರಿಯಾಗಿದೆ. ರಾಹೇಲಬಾಯಿ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಬಲಗಡೆಯಿಂದ ತೆರೆದು, ಹಾಳೆಗಳನ್ನು ನಮಗೆ ಉಲ್ಟಾ ಕಾಣುವಂತೆ ತಿರುಗಿಸುತ್ತಾ ಓದುತ್ತಿದ್ದರು. ಓದಿದ್ದನ್ನು ಕಸ ಗುಡಿಸುತ್ತಿದ್ದ ಶಿವವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅದರಲ್ಲಿ ಅಧ್ಯಾಯಕ್ಕೆ ಬಾಗಿಲು ಅನ್ನುತ್ತಾರಂತೆ. ಗರ್ವದ ಬಾಗಿಲು, ಸಿಟ್ಟಿನ ಬಾಗಿಲು, ಹೊಟ್ಟೆಕಿಚ್ಚಿನ ಬಾಗಿಲು, ಸುಳ್ಳಿನ ಬಾಗಿಲು. ಅಕ್ಷರ ಕಲಿಯದ ಶಿವವ್ವ ಆ ಬಾಗಿಲುಗಳನ್ನೆಲ್ಲ ಇವತ್ತಿಗೂ ಒಂದೊಂದಾಗಿ ಹೇಳುತ್ತಾಳೆ.

ಪುಕ್ಕಟೆಯಾಗಿ ಏನನ್ನೂ ಮುಟ್ಟದಿರುವುದು ಶಿವವ್ವನ ಹುಟ್ಟು ಹಟ. ಕೂಸು ಹುಟ್ಟಿದ ಮನೆಯವರು ಖುಷಿಯಿಂದ ಕೊಟ್ಟ ಕುಪ್ಪಸದ ಖಣವನ್ನೂ ಅವಳು ತಿರುಗಿ ಕೊಡುತ್ತಿದ್ದಳು. "ನನಗ ಪಗಾರ ಐತಿ," ಅಷ್ಟೇ ಅವಳ ಮಾತು. ನನ್ನ ಮಗಳು ಹುಟ್ಟಿದಾಗ ಪೇಢೆಯ ಡಬ್ಬಿ ಹಿಡಿದು ಹೋದೆ. ಒಂದು ಪೇಢೆ ತೆಗೆದುಕೊಂಡು ಉಳಿದ ಡಬ್ಬಿ ನನ್ನ ಬಗಲಿಗೆ ತುರುಕಿ ಕಳಿಸಿದಳು. ನನಗೆ ಸಿಟ್ಟು ಬಂದಿತ್ತು.

೧೯೭೧ರಲ್ಲಿ ರಾಹೇಲಬಾಯಿ ನಿವೃತ್ತರಾದರು. ತಂಗಿಯ ಮಕ್ಕಳು ಆಗಲೇ ಇಸ್ರೇಲಿಗೆ ಹೋಗಿ ನೆಲೆಸಿದ್ದರು, ಇವರನ್ನೂ ಕರೆದರು. ಸಾಮಾನು ಕಟ್ಟಲು ಬಂದ ತಂಗಿಯ ಮಗ ಆ ಐದು ಪುಸ್ತಕಗಳನ್ನು ನೋಡಿ, ಇಂಥವು ಅಲ್ಲಿ ರಾಶಿ ಬಿದ್ದಿವೆ, ತೂಕ ಯಾಕೆ ಹೊರುತ್ತೀ, ಹಿತ್ತಾಳೆ ಪಾತ್ರೆ ಕಟ್ಟು ಅಂದನಂತೆ. ಹೊರಡುವ ದಿನ ರಾಹೇಲಬಾಯಿ ಪುಸ್ತಕಗಳನ್ನು ಬಿಳಿ ಅರಿವೆಯಲ್ಲಿ ಸುತ್ತಿ ಶಿವವ್ವನ ಕೈಗೆ ಕೊಟ್ಟರು. "ನಮ್ಮವರು ಯಾರರೆ ಬಂದು ಒಯ್ತಾರ. ಅಲ್ಲೀತನಕಾ ಜ್ವಾಕಿಯಿಂದ ಇಟ್ಟಿರು," ಅಂದರು. ಶಿವವ್ವ ಹೂಂ ಅಂದಳು. ಆಗ ಅವಳಿಗೆ ಇಪ್ಪತ್ತೊಂದು ವರ್ಷ.

ಆ ಒಂದು ಹೂಂ ಅನ್ನುವುದರ ಮೇಲೆ ಅವಳು ಬದುಕನ್ನೇ ಕಟ್ಟಿದಳು ಅಂದರೆ ನೀವು ನಂಬಬೇಕು. ಅಂದಿನಿಂದ ಹಗಲು ಹೊತ್ತಿನಲ್ಲಿ ಅವಳ ಮನೆಯ ಬಾಗಿಲು ಹಾಕಿದ್ದನ್ನು ನಾನು ನೋಡಲಿಲ್ಲ. ಡ್ಯೂಟಿಗೆ ಹೋಗುವಾಗಲೂ ಬಾಗಿಲು ತೆರೆದಿಟ್ಟು, ಎದುರುಮನೆಯವರಿಗೆ ನಿಗಾ ಇಡಲು ಹೇಳಿ ಹೋಗುತ್ತಿದ್ದಳು. ಬಂದವರು ಕದ ನೋಡಿ ತಿರುಗಿ ಹೋದರೆ? ಬಾಗಲಕೋಟೆಗೆ ಬಡ್ತಿಯ ಮೇಲೆ ವರ್ಗ ಬಂತು, ಬೇಡ ಅಂತ ಬರೆಸಿ ಹೆಬ್ಬೆಟ್ಟು ಒತ್ತಿದಳು. ಮನೆ ಮಾಲೀಕ ಮನೆ ಮಾರಿದ, ಅದೇ ಓಣಿಯಲ್ಲಿ ಎದುರಿನ ಸಾಲಿಗೆ ಬಂದಳು. "ನಿನಗೇನ ತಲಿ ಕೆಟ್ಟೈತೇನ ಅಕ್ಕಾ? ಬರವ್ರು ಇದ್ರ ಇಷ್ಟೊತ್ತಿಗೆ ಬರತಿದ್ರು," ಅಂತ ನಾನು ಎಷ್ಟು ಸಲ ಕೂಗಾಡಿದ್ದೇನೋ. "ದೂರದಿಂದ ಬರಬೇಕಲ್ಲೋ ಬಸಗೊಂಡಾ," ಅನ್ನುತ್ತಿದ್ದಳು.

ಪ್ರತಿ ವರ್ಷ ಮಹಾನವಮಿಯ ದಿನ, ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ನಾನು ನನ್ನ ಟ್ರೆಡಲ್ ಮಶೀನಿಗೆ ಕುಂಕುಮ ಹಚ್ಚುತ್ತಿದ್ದರೆ, ಶಿವವ್ವ ಮಣೆ ಹಾಕಿ ಆ ಐದು ಪುಸ್ತಕಗಳನ್ನಿಟ್ಟು, ಒಂದೊಂದರ ಒಳಹಾಳೆಗೂ ಅರಿಶಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಸಕ್ಕರೆ ನೈವೇದ್ಯ ಮಾಡುತ್ತಿದ್ದಳು. ನಮ್ಮಲ್ಲಿ ಪುಸ್ತಕ ಅಂದರೆ ಸರಸ್ವತಿ. ಅದು ಯಾವ ದೇವರ ಪುಸ್ತಕ ಅಂತ ಕೇಳುವ ರೂಢಿ ಇಲ್ಲ. ಐವತ್ತನಾಲ್ಕು ವರ್ಷ ಒಂದು ಹುಳ ಬಿದ್ದಿಲ್ಲ, ಒಂದು ಹಾಳೆ ಹರಿದಿಲ್ಲ. ನಮ್ಮ ತಾಲೂಕಿನ ಯಾವ ಕಪಾಟಿನ ಪುಸ್ತಕದ ಬಗ್ಗೆಯೂ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಈ ವರ್ಷದ ಶ್ರಾವಣದಲ್ಲಿ ಪ್ರಥಮೇಶ ಅನ್ನುವ ಮೂವತ್ತೈದರ ಆಸುಪಾಸಿನ ಮನುಷ್ಯ ನನ್ನ ಪ್ರೆಸ್ಸಿಗೆ ಬಂದ. ಪುಣೆಯ ಕಡೆಯವನು, ಹಳೇ ಗ್ರಂಥಗಳ ಸಂಶೋಧಕ ಅಂತ ಹೇಳಿಕೊಂಡ. ಮಾತು ಬಲು ನಯ. ನನ್ನ ಜೊತೆ ಗಿರಮಿಟ್ ತಿಂದ, ನನ್ನ ಮಶೀನನ್ನು ಹೊಗಳಿದ. ಹೊಗಳಿದರೆ ನಾನು ಉಬ್ಬುವವನು, ಮುಚ್ಚಿಡುವುದೇನಿದೆ. ಶಿವವ್ವನ ಪುಸ್ತಕಗಳ ಕಥೆಯನ್ನು ಇದ್ದದ್ದು ಇದ್ದಂತೆ ಒದರಿಬಿಟ್ಟೆ. ಯಾರೋ ಬಂದು ಒಯ್ಯುತ್ತಾರೆ ಅಂತ ಅವಳು ಕಾಯುತ್ತಿದ್ದಾಳೆ ಅನ್ನುವುದನ್ನೂ ಬಿಡಲಿಲ್ಲ. ಮರುದಿನ ಅವನನ್ನು ಅವಳ ಮನೆಗೆ ಕರೆದುಕೊಂಡು ಹೋದವನೂ ನಾನೇ.

ಶಿವವ್ವ ಕೇಳಿದ್ದು ಒಂದೇ ಪ್ರಶ್ನೆ. "ಬಾಯೇರ ಮಂದಿ ಕಳಿಸ್ಯಾರೇನಪಾ ನಿನ್ನ?"

ಅವನು ಒಂದು ಕ್ಷಣವೂ ತಡೆಯಲಿಲ್ಲ. "ಹೌದು ಅಜ್ಜಿ. ಇಸ್ರೇಲಿನಿಂದ ಅವರೇ ಹೇಳಿ ಕಳಿಸಿದ್ದು," ಅಂದ.

ಹಿಂದಿನ ದಿನ ನನ್ನ ಮುಂದೆ ಅವನು ಈ ಮಾತು ಎತ್ತಿರಲಿಲ್ಲ, ಆದರೂ ಇದ್ದರೂ ಇರಬಹುದು ಅಂದುಕೊಂಡೆ. ಶಿವವ್ವ ಅವನ ಗಲ್ಲ ಸವರಿ, ದೃಷ್ಟಿ ತಾಗದಿರಲಿ ಅಂತ ಲಟಿಕೆ ತೆಗೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನನ್ನು ಕೂಡಿಸಿ ಶಾವಿಗೆ ಪಾಯಸ ಮಾಡಿ ಉಣಿಸಿದಳು. ಹೊಸ ಬಿಳಿ ಅರಿವೆ ತಂದು ಪುಸ್ತಕಗಳನ್ನು ಸುತ್ತಿ, ಕಣ್ಣಿಗೊತ್ತಿಕೊಂಡು ಕೊಟ್ಟಳು. "ತಡಾ ಆತು ಅಂತ ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಂತ ಹೇಳಪಾ. ಒಂದ ಹಾಳಿನೂ ಹರದಿಲ್ಲ," ಅಂದಳು. ತಡ ಮಾಡಿದವರು ಅವರು, ಕ್ಷಮೆ ಕೇಳಿದವಳು ಇವಳು! ಅವನು ಕಾರು ಹತ್ತಿ ಹೋದ. ಅವತ್ತು ಮಧ್ಯಾಹ್ನ ಶಿವವ್ವ ಬಾಗಿಲು ಹಾಕಿಕೊಂಡು, ಅಗಳಿ ಹಾಕಿ, ಸಂಜೆಯವರೆಗೆ ನಿದ್ದೆ ಮಾಡಿದಳು. ಓಣಿಯವರು ಗಾಬರಿಯಾಗಿ ನನಗೆ ಫೋನು ಮಾಡಿದ್ದರು.

ಭಾದ್ರಪದ ಮುಗಿಯುತ್ತ ಬಂದಾಗ ರಬಕವಿಯಿಂದ ಬಾಳು ಫೋನು ಮಾಡಿದ. ಬಾಳು ನನ್ನಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತವನು, ಈಗ ಅವನದೇ ಆಫ್‌ಸೆಟ್ ಇದೆ, ಮಕ್ಕಳು ಕಾಲೇಜಿಗೆ ಹೋಗುತ್ತಾರೆ. "ಅಣ್ಣಾರ, ಮುಧೋಳದಾಗ ಒಂದ ಪ್ರದರ್ಶನ ಐತಂತ, ಅದರ ಕನ್ನಡ ಪುಸ್ತಿಕೆ ಅಚ್ಚಿಗೆ ಬಂದೈತಿ. ಪ್ರೂಫ್ ನೋಡಾಕ ಒಮ್ಮಿ ಬರ್ರಿ. ಫೋನಿನಾಗ ಹೇಳೂವಂಥಾದ್ದಲ್ಲ," ಅಂದ. ಬಸ್ಸು ಹಿಡಿದು ಹೋದೆ.

ಪುಸ್ತಿಕೆಯ ಹೆಸರು ‘ಯಹೂದಿ ನೀತಿ ಮತ್ತು ಭಕ್ತಿಯ ಅಪೂರ್ವ ಪ್ರಾಚೀನ ಗ್ರಂಥಗಳು’. ಒಳಗೆ ಐದು ಪುಸ್ತಕಗಳ ಬಣ್ಣದ ಫೋಟೋ. ಕೆಳಗೆ ಹೀಗಿತ್ತು: ‘ಜಮಖಂಡಿಯ ಅನಕ್ಷರಸ್ಥ ಆಯಾ ಒಬ್ಬಳು ತನ್ನ ಯಜಮಾನಿಯ ಮನೆಯಿಂದ ಕದ್ದು ಅರ್ಧ ಶತಮಾನ ಬಚ್ಚಿಟ್ಟಿದ್ದ ಗ್ರಂಥಗಳಿವು. ಅಜ್ಞಾನದಿಂದ ಪ್ರತಿ ಗ್ರಂಥದ ಮೊದಲ ಪುಟಕ್ಕೆ ಅರಿಶಿಣ ಕುಂಕುಮ ಬಳಿದು ಕೆಡಿಸಲಾಗಿದೆ. ಸಂಶೋಧಕ ಪ್ರಥಮೇಶರು ಇವನ್ನು ವಿನಾಶದಿಂದ ಪಾರು ಮಾಡಿ ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡಿದ್ದಾರೆ.’

ಕದ್ದು! ಬಚ್ಚಿಟ್ಟು! ಪೇಢೆಯ ಡಬ್ಬಿಯನ್ನು ತಿರುಗಿ ಕೊಟ್ಟವಳು ಕಳ್ಳಿ, ಮುದುಕಿಯ ಪಾಯಸ ಉಂಡು ಸುಳ್ಳು ಹೇಳಿ ಗಂಟು ಹೊತ್ತುಕೊಂಡು ಹೋದವನು ಸಂಶೋಧಕ! ಬಾಳುವಿನ ಅಂಗಡಿಯಲ್ಲಿ ನಿಂತು ನಾನು ಏನೇನು ಬೈದೆ ಅಂತ ಇಲ್ಲಿ ಬರೆಯಲು ಬರುವುದಿಲ್ಲ. ಪಕ್ಕದ ಮಗ್ಗದ ಶೆಡ್ಡಿನವರು ಮಗ್ಗ ನಿಲ್ಲಿಸಿ ಬಂದು ನೋಡಿದರು.

"ಇನ್ನೊಂದ ಐತಿ ನೋಡ್ರಿ ಅಣ್ಣಾರ," ಅಂತ ಬಾಳು ಕೊನೆಯ ಹಾಳೆ ತಿರುವಿದ. ಅಲ್ಲಿ ನೀತಿಯ ಪುಸ್ತಕದ ಒಂದು ಪುಟದ ಫೋಟೋ. ಶಾಯಿಯಲ್ಲಿ ಬರೆದ ಎಂಟು ಹತ್ತು ಸಾಲು, ಬಾವಿಯ ಹಗ್ಗದ ಹಾಗೆ ಒಂದಕ್ಕೊಂದು ಹೆಣೆದುಕೊಂಡ ಅಕ್ಷರಗಳು. ಕೆಳಗೆ, ‘ಕೊನೆಯ ಪುಟದಲ್ಲಿರುವ ಅಜ್ಞಾತ ಲಿಪಿಯ ಗೀಚು’. ನನಗೆ ಅದು ಗೀಚು ಅನ್ನಿಸಲಿಲ್ಲ. ಅಂಥ ಅಕ್ಷರವನ್ನು ನಾನು ಹಳೇ ಜಮೀನಿನ ಕಾಗದಗಳಲ್ಲಿ ನೋಡಿದ್ದೆ. ಅದು ಮೋಡಿ ಲಿಪಿ, ಮರಾಠಿಯವರು ಹಿಂದೆ ಸರಸರ ಬರೆಯುತ್ತಿದ್ದ ಕೈಬರಹ. "ಬಾಳು, ಅಚ್ಚು ನಿಲ್ಲಸು," ಅಂದೆ. "ಮಶೀನ ಕೆಟ್ಟೈತಿ ಅಂತ ಆಗಲೇ ಹೇಳೇನ್ರಿ," ಅಂದ ಬಾಳು. ನನ್ನ ಕೈಯಲ್ಲಿ ತಯಾರಾದವನು.

ಆ ಪ್ರೂಫ್ ಹಿಡಿದು ನೆಟ್ಟಗೆ ಮುಧೋಳಕ್ಕೆ ಹೋದೆ. ಅಲ್ಲಿ ಕೃಷ್ಣಾಜಿ ಕಾಕಾ ಇದ್ದಾರೆ, ತೊಂಬತ್ತಕ್ಕೆ ಎರಡು ಕಡಿಮೆ. ಆಯುಷ್ಯವೆಲ್ಲ ಹಳೇ ದಫ್ತರಗಳ ಮೋಡಿ ಕಾಗದ ಓದಿ, ಹೊಲಮನೆಯ ತಂಟೆಯವರಿಗೆ ಹೇಳಿದವರು. ಕನ್ನಡಕ ಒರೆಸಿ, ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು.

"ಯಾರೀಕಿ, ಶಿವವ್ವ?" ಅಂತ ಕೇಳಿದರು.

"ಅದರಾಗ ಶಿವವ್ವನ ಹೆಸರ ಐತೇನ್ರೀ ಕಾಕಾ?"

"ಅದ. ಕೇಳು, ಹೇಳ್ತೀನಿ." ಮರಾಠಿಯ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದರು. ನಾನು ಪ್ರೂಫಿನ ಹಿಂದೆಯೇ ಬರೆದುಕೊಂಡೆ. ಬರೆದುಕೊಂಡದ್ದು ಇದು:

‘ಈ ಐದು ಪುಸ್ತಕಗಳು ನನ್ನ ತಂದೆಯವು. ಇಂದಿನಿಂದ ಶಿವವ್ವನವು. ನನ್ನ ಬಳಿ ಇದಕ್ಕಿಂತ ದೊಡ್ಡದು ಏನೂ ಇಲ್ಲ. ಕೊಡುತ್ತೇನೆ ಅಂದರೆ ಅವಳು ಮುಟ್ಟುವುದಿಲ್ಲ. ಅದಕ್ಕೆ, ನಮ್ಮವರು ಬಂದು ಒಯ್ಯುತ್ತಾರೆ, ಅಲ್ಲಿಯವರೆಗೆ ಇಟ್ಟಿರು ಅಂತ ಸುಳ್ಳು ಹೇಳಿದ್ದೇನೆ. ಯಾರೂ ಬರುವುದಿಲ್ಲ. ಸುಳ್ಳಿನ ಬಾಗಿಲನ್ನು ಇಷ್ಟು ಸಲ ಓದಿದ ಮೇಲೂ ಹೇಳಿದ್ದೇನೆ, ದೇವರು ಕ್ಷಮಿಸಲಿ. ರಾಹೇಲ, ಜಮಖಂಡಿ, ೧೯೭೧.’

ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಅವನೇ ತನ್ನ ಪುಸ್ತಿಕೆಯಲ್ಲಿ ಶಿವವ್ವನನ್ನು ಕಳ್ಳಿ ಅಂದು, ಅದೇ ಪುಸ್ತಿಕೆಯ ಕೊನೆಗೆ ಅವಳ ಮಾಲಕಿ ಹಕ್ಕಿನ ಕಾಗದವನ್ನು ಬಣ್ಣದಲ್ಲಿ ಛಾಪಿಸಲು ಹೊರಟಿದ್ದ. ಓದಲು ಬರದವನಿಗೆ ಗೀಚು! ಶಿವವ್ವನ ಮನೆಗೆ ಹೋದೆ, ಬಾಗಿಲು ಹಾಕಿತ್ತು. ಬಡಿದು ಎಬ್ಬಿಸಿ ಎಲ್ಲವನ್ನೂ ಹೇಳಿದೆ. ಪ್ರಥಮೇಶನ ಸುಳ್ಳು, ಕಳ್ಳಿ ಅನ್ನುವ ಮಾತು, ಆಮೇಲೆ ಚೀಟಿ. ಚೀಟಿಯನ್ನು ಎರಡು ಸಲ ಓದಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

ಶಿವವ್ವ ಎದ್ದು ನಿಂತಳು. ಅಷ್ಟು ಸಿಟ್ಟನ್ನು ಆ ಮುಖದ ಮೇಲೆ ನಾನು ಎಂದೂ ಕಂಡಿರಲಿಲ್ಲ.

"ಬರಂಗಿಲ್ಲಾಂತ ಆಕಿಗೆ ಗೊತ್ತಿತ್ತ?" ಅಂದಳು. ರಾಹೇಲಬಾಯಿಯನ್ನು ಅವಳು ‘ಆಕಿ’ ಅಂದದ್ದು ಅದೇ ಮೊದಲು. "ಗೊತ್ತಿದ್ದ ಹೇಳಿದ್ಲ? ಐವತ್ನಾಕ ವರ್ಷ ಬಾಗಲಾ ಕಾದೇನಿ ಬಸಗೊಂಡಾ! ಸ್ವಂತ ಅಣ್ಣನ ಮಗಳ ಲಗ್ನಕ್ಕ ಹೋಗಲಿಲ್ಲ, ಆ ದಿನಾನ ಬಂದ್ರ ಹೆಂಗಂತ! ಬಾಗಲಕೋಟಿಗಿ ಹೋಗಲಿಲ್ಲ! ಜ್ವರಾ ಬಂದ್ರೂ ಹೊರಸು ಬಾಗಲದಾಗ ಹಾಕ್ಕೊಂಡ ಮಲಗೀನಿ! ದಿನಾ ಸಂಜೀಕ ಸುಳ್ಳಿನ ಬಾಗಲಾ ಓದಿ ಓದಿ ನನಗ ಹೇಳಾಕಿ! ನನ್ನ ಹುಚ್ಚೀನ ಮಾಡಿ ಹೋದ್ಲಲ್ಲೋ!"

"ಅಕ್ಕಾ, ನಿನಗ ಕೊಡಾಕಂತ ಹೇಳ್ಯಾರ—"

"ಕೊಡೂದಿದ್ರ ಕೊಡಬೇಕಿತ್ತು! ನಾ ಬ್ಯಾಡಂತಿದ್ನಿ, ಜಗಳಾ ಮಾಡಬೇಕಿತ್ತು, ಬಡದ ಕೊಡಬೇಕಿತ್ತು!"

ಪ್ರಥಮೇಶನ ಮೇಲಿನ ಸಿಟ್ಟಿನಲ್ಲಿ ಈ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಅವಳು ನೀರು ಕುಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಆ ಮಗಾ ಎಲ್ಲಿ ಅದಾನ? ನಡಿ," ಅಂದಳು.

ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಬರೆಸಿದೆವು. ಎರಡು ದಿನ ಬಿಟ್ಟು ಸಬ್ ಇನ್ಸ್‌ಪೆಕ್ಟರ್ ಪ್ರಥಮೇಶನನ್ನು ಪುಸ್ತಕಗಳ ಸಮೇತ ಕರೆಸಿದರು. ಅವನ ಮುಖದಲ್ಲಿ ಅಳುಕೇ ಇರಲಿಲ್ಲ. ಐದೂ ಪುಸ್ತಕ ಮೇಜಿನ ಮೇಲಿಟ್ಟು, ನೀತಿಯ ಪುಸ್ತಕವನ್ನು ಎಡಗಡೆಯಿಂದ ತೆರೆದ.

"ನೋಡಿ ಸರ್, ಮೊದಲನೇ ಪುಟದ ಗತಿ. ಪ್ರಪಂಚದಲ್ಲೇ ಅಪರೂಪದ ಗ್ರಂಥ. ಕುಂಕುಮ ಬಳಿದು ಹಾಳು ಮಾಡಿದ್ದಾಳೆ ಈ ಹೆಂಗಸು."

ಶಿವವ್ವ ಬಗ್ಗಿ ನೋಡಿದಳು. "ಅದು ಮೊದಲನೇ ಪುಟಾ ಅಲ್ಲಪಾ, ಕೊನೀದು," ಅಂದಳು.

"ಏನು?"

"ಬಾಯೇರು ಈ ಕಡಿಂದ ತಗೀತಿದ್ರು." ಪುಸ್ತಕ ಮುಚ್ಚಿ, ತಿರುಗಿಸಿ, ಬಲಗಡೆಯಿಂದ ರಟ್ಟು ಎತ್ತಿ ತೋರಿಸಿದಳು. ಆ ಹಾಳೆ ಹಾಲಿನಂತೆ ಸ್ವಚ್ಛ ಇತ್ತು, ಅದರ ಮೇಲೆ ರಾಹೇಲಬಾಯಿಯ ಕೈಬರಹ. "ಅವರು ಸುರೂ ಮಾಡೂ ಕಡೆ ನಾ ಹೆಂಗ ಕೈ ಹಚ್ಚಲಿ? ಅದು ಅವರ ಜಾಗಾ. ಅದಕ್ಕ ಕೊನೀ ಪುಟಕ್ಕ ಹಚ್ಚತಿದ್ನಿ. ಈ ಕಡಿ ರಟ್ಟು ನಾ ಎಂದೂ ಎತ್ತಿಲ್ಲ."

ಪ್ರಪಂಚದ ಅಪರೂಪದ ಗ್ರಂಥಗಳ ಸಂಶೋಧಕರಿಗೆ ಪುಸ್ತಕ ಯಾವ ಕಡೆಯಿಂದ ಶುರುವಾಗುತ್ತದೆ ಅಂತ ಗೊತ್ತಿರಲಿಲ್ಲ! ನಾನು ಕೈತಟ್ಟಿ ನಕ್ಕುಬಿಟ್ಟೆ, ಕಾನ್‌ಸ್ಟೆಬಲ್ ಸುಮ್ಮನಿರಿ ಅಂದ. ಕೃಷ್ಣಾಜಿ ಕಾಕಾ ಓದಿ ಹೇಳಿದ್ದನ್ನು ನಾನು ಸಾಹೇಬರ ಮುಂದೆ ಇಟ್ಟೆ. ಪ್ರಥಮೇಶನ ಮುಖದ ಬಣ್ಣ ಹೋಯಿತು, ಆದರೆ ನಾಲಿಗೆ ಹೋಗಲಿಲ್ಲ.

"ಸರ್, ಇವಳೇ ಕೈಯಾರೆ ಕೊಟ್ಟಳು. ತನ್ನದಲ್ಲ, ಬಾಯಿಯವರದು ಅಂತ ಅವಳೇ ನನ್ನ ಮುಂದೆ ಹೇಳಿದ್ದಾಳೆ. ಬೇಕಾದರೆ ಈಗಲೂ ಕೇಳಿ. ತನ್ನದಲ್ಲದ್ದನ್ನು ವಾಪಸ್ಸು ಕೇಳಲು ಇವಳು ಯಾರು?"

ಸಾಹೇಬರು ಪೆನ್ನು ಹಿಡಿದು ಶಿವವ್ವನ ಕಡೆ ನೋಡಿದರು. "ಅವ್ವಾ, ಚೀಟಿ ಇರ್ಲಿ, ನೀವು ಹೇಳಿದ್ದನ್ನ ನಾನು ಬರಕೋಬೇಕು. ಈ ಪುಸ್ತಕ ನಿಮ್ಮವು ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಈ ಹಟಮಾರಿ ಹೆಂಗಸು ‘ಅಲ್ಲ’ ಅಂದರೆ ಮುಗಿಯಿತು. ಅವನು ಎತ್ತಿಕೊಂಡು ಹೋಗಿ ಯಾವ ದೇಶದ ಹರಾಜಿಗೆ ಇಡುತ್ತಾನೋ. ಹೌದು ಅನ್ನು ಅಂತ ಕಣ್ಣು ಕಣ್ಣು ಬಿಟ್ಟು ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಪುಸ್ತಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಎಪ್ಪತ್ತೈದು ವರ್ಷದಲ್ಲಿ ಯಾರ ವಸ್ತುವನ್ನೂ ನನ್ನದು ಅಂದವಳಲ್ಲ.

"ನನ್ನವು," ಅಂದಳು. ಸಾಹೇಬರು ಬರೆದುಕೊಂಡರು. "ನನ್ನ ಬಾಯೇರು ನನಗ ಕೊಟ್ಟಾರ. ಬರಕೋರಿ. ನನ್ನವು."

ಐದೂ ಪುಸ್ತಕ ಅವಳ ಉಡಿಗೆ ಬಂದವು. ಪ್ರದರ್ಶನ ನಡೆಯಲಿಲ್ಲ, ಪುಸ್ತಿಕೆ ಅಚ್ಚಾಗಲಿಲ್ಲ. ಪ್ರಥಮೇಶನ ಕೇಸು ಇನ್ನೂ ನಡೆದಿದೆ. ಅವನಿಗೆ ಏನು ಶಿಕ್ಷೆ ಆಗುತ್ತದೋ ಆಗಲಿ, ಅವನು ಹೇಳಿದ ಸುಳ್ಳಿಗೆ ಯಾವ ಕೋರ್ಟಿನಲ್ಲೂ ಕಲಂ ಸಾಲುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾಯುತ್ತಿರುವವರ ಮುಂದೆ ಹೋಗಿ, ನೀನು ಕಾಯುತ್ತಿರುವುದು ನನ್ನನ್ನೇ ಅನ್ನುವವನಿಗೆ ಏನು ಮಾಡಿದರೂ ಕಡಿಮೆಯೇ.

ಮನೆಗೆ ಬರುವಾಗ ಆಟೋದಲ್ಲಿ ಶಿವವ್ವ ಒಂದೇ ಮಾತು ಹೇಳಿದ್ದಳು. "ಇನ್ನ ಯಾರನ್ನೂ ಕಾಯಂಗಿಲ್ಲ. ಬಾಗಲಾ ಹಾಕ್ಕೊಂಡ ಇರತೇನಿ." ನನಗೆ ಸಮಾಧಾನವಾಗಿತ್ತು. ಇಷ್ಟು ವರ್ಷಕ್ಕೆ ಬುದ್ಧಿ ಬಂತು ಅಂದುಕೊಂಡೆ.

ಮೊನ್ನೆ ಮಹಾನವಮಿಗೆ ನನ್ನ ಮಶೀನಿನ ಪೂಜೆ ಮುಗಿಸಿ ಅವಳ ಓಣಿಗೆ ಹೋದೆ. ದೂರದಿಂದಲೇ ನೋಡಿದೆ, ಬಾಗಿಲು ಹಾರು ಹೊಡೆದಿತ್ತು. ಒಳಗೆ ಮಣೆಯ ಮೇಲೆ ಐದು ಪುಸ್ತಕ, ಊದಿನಕಡ್ಡಿ, ಸಕ್ಕರೆ. ಕುಂಕುಮ ಹಳೇ ಕಡೆಗೇ, ಕೊನೆಯ ಪುಟಕ್ಕೇ ಹಚ್ಚಿದ್ದಳು.

ನನಗೆ ತಡೆಯಲಾಗಲಿಲ್ಲ. "ಏನಕ್ಕಾ ಇದು? ಇನ್ನ ನಿನ್ನವ ಅಲ್ಲೇನ? ಮೊದಲನೇ ಪುಟಕ್ಕ ಹಚ್ಚ. ಮತ್ತ ಆ ಬಾಗಲಾ ಯಾಕ ತಗದೀ? ಯಾರೂ ಬರಂಗಿಲ್ಲಾಂತ ಅವರ ಬರದಿಟ್ಟ ಹೋಗ್ಯಾರಲ್ಲ!"

ಶಿವವ್ವ ನನ್ನ ಅಂಗೈಗೆ ಸಕ್ಕರೆ ಹಾಕಿದಳು.

"ಬಾಯೇರು ಒಂದ ಸುಳ್ಳ ಹೇಳ್ಯಾರ, ಅದು ಖರೆ," ಅಂದಳು. "ಆದ್ರ ಬಾಯಿಲೆ ಹೇಳಿದ್ದು ಸುಳ್ಳೋ, ಬರದಿಟ್ಟದ್ದು ಸುಳ್ಳೋ, ನಿನಗ ಹೆಂಗ ಗೊತ್ತು?"